ಆಟೋಸೇವ್ ಆನ್ ಇದ್ದರೂ ಆಟೋಕ್ಯಾಡ್‌ನಲ್ಲಿ ಮೂರು ಗಂಟೆಯ ಕೆಲಸ ಹೋಯಿತು, ಯಾಕೆ?

ಪ್ಲಾನ್ ಎಳೆಯುವ ಸಾಫ್ಟ್‌ವೇರ್ ಆಟೋಕ್ಯಾಡ್‌ನಲ್ಲಿ ಮನೆ ಪ್ಲಾನ್ ಮಾಡುತ್ತಿದ್ದಾಗ ಕರೆಂಟ್ ಹೋಯಿತು, ಮತ್ತೆ ಫೈಲ್ ತೆರೆದರೆ ಬೆಳಿಗ್ಗೆ ಸೇವ್ ಮಾಡಿದ್ದಷ್ಟೇ ಇದೆ ಅಂತ ಮಂಡ್ಯದಿಂದ ಬರೆದಿದ್ದೀರಿ. ನಾನು ಮೈಸೂರಿನ ಕುವೆಂಪುನಗರದಲ್ಲಿ 15 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ. ನಿಮ್ಮ ಸಂಕಟ ಚೆನ್ನಾಗಿ ಗೊತ್ತು.

ಮೊದಲು ಒಂದು ಮಾತು. ಸದ್ಯಕ್ಕೆ ಆ ಕಂಪ್ಯೂಟರನ್ನು ಯಾರ ಹತ್ತಿರವೂ ಬೇಡದ ಫೈಲ್ ಅಳಿಸಿ ಕ್ಲೀನ್ ಮಾಡಿಸಬೇಡಿ. ನಿಮ್ಮ ಕೆಲಸ ಇನ್ನೂ ಅದರೊಳಗೇ ಇರಬಹುದು. ಆಟೋಸೇವ್ ನೀವು ಸೇವ್ ಮಾಡುವ ಮೂಲ ಡ್ರಾಯಿಂಗ್ ಫೈಲನ್ನು, ಅಂದರೆ ಡಿಡಬ್ಲ್ಯೂಜಿ ಫೈಲನ್ನು, ಮುಟ್ಟುವುದೇ ಇಲ್ಲ. ಟೆಂಪ್ ಅನ್ನುವ ತಾತ್ಕಾಲಿಕ ಫೈಲುಗಳ ಫೋಲ್ಡರಿನಲ್ಲಿ ಬೇರೆಯೇ ಒಂದು ಫೈಲ್ ಬರೆದಿಡುತ್ತದೆ. ಹೆಸರು ನಿಮ್ಮ ಡ್ರಾಯಿಂಗಿನ ಹೆಸರಿನಿಂದಲೇ ಶುರುವಾಗುತ್ತದೆ, ಆಮೇಲೆ ಕೆಲವು ಅಂಕಿಗಳು, ಕೊನೆಯಲ್ಲಿ ಎಸ್‌ವಿ ಮತ್ತು ಡಾಲರ್ ಗುರುತು (.sv$) ಇರುತ್ತದೆ. ಆಪ್ಷನ್ಸ್ ತೆರೆದು ಫೈಲ್ಸ್ ಟ್ಯಾಬಿನಲ್ಲಿ 'ಆಟೋಮ್ಯಾಟಿಕ್ ಸೇವ್ ಫೈಲ್ ಲೊಕೇಶನ್' ನೋಡಿ, ಜಾಗ ಅಲ್ಲೇ ಸಿಗುತ್ತದೆ. ಆ ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ, ಕೊನೆಯ ಎಸ್‌ವಿ ಡಾಲರ್ ತೆಗೆದು ಡಿಡಬ್ಲ್ಯೂಜಿ ಅಂತ ಹಾಕಿ ತೆರೆಯಿರಿ. ತಕರಾರು ಮಾಡಿದರೆ ರಿಕವರ್ ಕಮಾಂಡ್ ಕೊಡಿ. ಸಿಕ್ಕಿದರೆ ಆ ಜಾಗವನ್ನು ಟೆಂಪ್‌ನಿಂದ ತೆಗೆದು ಡಿ ಡ್ರೈವಿನ ಒಂದು ಫೋಲ್ಡರಿಗೆ ಬದಲಾಯಿಸಿ. ಎಷ್ಟು ನಿಮಿಷಕ್ಕೊಮ್ಮೆ ಆಟೋಸೇವ್ ಆಗಬೇಕು ಅನ್ನುವ ಸೇವ್‌ಟೈಮ್ ಮೊದಲಿಂದ 10 ನಿಮಿಷ ಇರುತ್ತದೆ, ನಾನು 5 ಇಟ್ಟುಕೊಂಡಿದ್ದೇನೆ.

ಆದರೆ ಈ ಫೈಲ್ ಉಳಿಯುವುದು ಕರೆಂಟ್ ಹೋದಾಗ ಅಥವಾ ಸಾಫ್ಟ್‌ವೇರ್ ನಿಂತುಹೋದಾಗ ಮಾತ್ರ. ಡ್ರಾಯಿಂಗನ್ನು ಸರಿಯಾಗಿ ಮುಚ್ಚಿದರೆ ಅದು ತಾನಾಗಿ ಅಳಿಸಿಹೋಗುತ್ತದೆ. ಮುಚ್ಚುವಾಗ ಸೇವ್ ಮಾಡಬೇಕಾ ಅಂತ ಕೇಳಿದ್ದಕ್ಕೆ 'ನೋ' ಒತ್ತಿದರೂ ಅಷ್ಟೇ.

ಅದಕ್ಕೇ ಹೇಳುತ್ತೇನೆ, ಕರೆಂಟಿಗಿಂತ ಜಾಸ್ತಿ ಕೆಲಸ ಹಾಳಾಗುವುದು ನಮ್ಮ ಕೈಯಿಂದಲೇ. ಒಮ್ಮೆ 30x40 ಸೈಟಿನ ಮನೆಯೊಂದರ ಗ್ರೌಂಡ್ ಫ್ಲೋರ್ ಮುಗಿಸಿದ್ದೆ. ಬಾಗಿಲು, ಕಿಟಕಿ, ಅಳತೆ, ಬಾಗಿಲು ಕಿಟಕಿಗಳ ಪಟ್ಟಿ (ಶೆಡ್ಯೂಲ್) ಎಲ್ಲ ಆಗಿತ್ತು. ಫಸ್ಟ್ ಫ್ಲೋರ್ ಮಾಡಬೇಕಿತ್ತು. ಅದೇ ಫೈಲ್ ತೆರೆದು, ಹೊರಗೋಡೆ ಮತ್ತು ಮೆಟ್ಟಿಲು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿದೆ. ಸೇವ್ ಆ್ಯಸ್ ಕೊಡುವುದು ಮರೆತೇಹೋಗಿತ್ತು. ಸಂಜೆವರೆಗೂ ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತುತ್ತಲೇ ಇದ್ದೆ. ಮುಚ್ಚಿ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಗ್ರೌಂಡ್ ಫ್ಲೋರ್ ಇಲ್ಲ.

ಬ್ಯಾಕಪ್ ಫೈಲ್ ಇರುತ್ತಲ್ಲ ಅಂತ ಧೈರ್ಯವಾಗಿದ್ದೆ. ಪ್ರತಿ ಸಲ ಸೇವ್ ಮಾಡಿದಾಗ, ಅದಕ್ಕೂ ಹಿಂದಿನ ಸಲ ಉಳಿಸಿದ ಡ್ರಾಯಿಂಗ್ ಅದೇ ಫೋಲ್ಡರಿನಲ್ಲಿ ಬಿಎಕೆ ಅನ್ನುವ ಫೈಲಾಗಿ ಉಳಿಯುತ್ತದೆ. ಹಿಂದಿನದು ಒಂದೇ ಒಂದು. ನಾನು ಹತ್ತಾರು ಸಲ ಸೇವ್ ಮಾಡಿದ್ದರಿಂದ ಅದರಲ್ಲೂ ಅಳಿಸಿದ ಪ್ಲಾನೇ ಕೂತಿತ್ತು. ಕೊನೆಗೆ ಆ ಮನೆ ಕಟ್ಟಿಸುವವರಿಗೆ ತೋರಿಸಲು ತೆಗೆದಿದ್ದ ಪ್ರಿಂಟ್ ಸಿಕ್ಕಿತು. ಅದರ ಮೇಲೆ ಅವರು ಕೆಂಪು ಪೆನ್ನಿನಲ್ಲಿ ಪೂಜಾ ರೂಮಿನ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿ ಗೀಚಿದ್ದರು. ಆ ಕಾಗದ ಮುಂದಿಟ್ಟುಕೊಂಡು ರಾತ್ರಿ ಎರಡು ಗಂಟೆವರೆಗೂ ಮತ್ತೆ ಎಳೆದೆ.

ಹಾಗಾಗಿ ಏನೋ ತಪ್ಪಾಯಿತು ಅನ್ನಿಸಿದ ಕೂಡಲೇ ಕೈ ಕೀಬೋರ್ಡಿನಿಂದ ತೆಗೆಯಿರಿ. ಸೇವ್ ಒತ್ತಬೇಡಿ, ಫೈಲ್ ಮುಚ್ಚಬೇಡಿ. ಡ್ರಾಯಿಂಗ್ ಇನ್ನೂ ತೆರೆದಿದ್ದರೆ ಸೇವ್ ಆದಮೇಲೂ ಅನ್‌ಡೂ ನಡೆಯುತ್ತದೆ. ಕೊನೆಯ ಸಲ ಇರೇಸ್ ಮಾಡಿದ್ದಷ್ಟೇ ಬೇಕಿದ್ದರೆ ಊಪ್ಸ್ ಕಮಾಂಡ್ ಸಾಕು, ಆಮೇಲೆ ಮಾಡಿದ ಕೆಲಸ ಹಾಗೇ ಉಳಿಯುತ್ತದೆ. ಮುಚ್ಚಿಬಿಟ್ಟಿದ್ದರೆ ಮೊದಲು ಬಿಎಕೆ ಫೈಲನ್ನು ಬೇರೆ ಕಡೆ ಕಾಪಿ ಮಾಡಿ, ಬೇರೆ ಹೆಸರು ಕೊಟ್ಟು ಡಿಡಬ್ಲ್ಯೂಜಿ ಮಾಡಿ ನೋಡಿ.

ಈಗ ಹಳೆ ಫೈಲ್ ತೆರೆದರೆ ಒಂದು ಗೆರೆಯನ್ನೂ ಮುಟ್ಟುವ ಮುಂಚೆ ಸೇವ್ ಆ್ಯಸ್ ಕೊಡುತ್ತೇನೆ. ಹೆಸರಿನ ಕೊನೆಗೆ ತಾರೀಖು, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗೆ ಬರೆದರೆ ಫೋಲ್ಡರಿನಲ್ಲಿ ಸಾಲಾಗಿ ಕೂರುತ್ತವೆ. ಪೆನ್‌ಡ್ರೈವಿನಿಂದ ನೇರ ತೆರೆದು ಕೆಲಸ ಮಾಡುವುದಿಲ್ಲ. ಸಂಜೆ ಹೊರಡುವಾಗ ಒಂದು ಪಿಡಿಎಫ್ ತೆಗೆದು ನನಗೇ ಮೇಲ್ ಮಾಡಿಕೊಳ್ಳುತ್ತೇನೆ. ಆಟೋಕ್ಯಾಡ್ 2017ರಿಂದ ಪಿಡಿಎಫ್ ಇಂಪೋರ್ಟ್ ಇದೆ, ಅಂದರೆ ಪಿಡಿಎಫ್‌ನಲ್ಲಿರುವ ಗೆರೆಗಳನ್ನು ಮತ್ತೆ ಡ್ರಾಯಿಂಗಿಗೆ ತರಬಹುದು. ಅಳತೆಗಳು ಬಿಡಿ ಗೆರೆ, ಅಕ್ಷರಗಳಾಗಿ ಬರುತ್ತವೆ ನಿಜ, ಆದರೂ ಗೋಡೆಗಳನ್ನು ಮತ್ತೆ ಎಳೆಯುವ ಕಷ್ಟ ತಪ್ಪುತ್ತದೆ.

ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇದೆಯಾ ನೋಡಿ. ಅದು ಆಫ್ ಇದ್ದರೆ ಕರೆಂಟ್ ಬದಲಾಗುವ ಆ ಒಂದು ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ. ಇಲ್ಲದಿದ್ದರೆ ಒಂದು ಸಣ್ಣ ಯುಪಿಎಸ್ ತಗೊಳ್ಳಿ, ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಈಗ ಮೊದಲು ಆ ಟೆಂಪ್ ಫೋಲ್ಡರ್ ನೋಡಿ. ಫೈಲ್ ಕಂಡೂ ತೆರೆಯದಿದ್ದರೆ, ಏನು ಮೆಸೇಜ್ ಬಂತು ಅಂತ ಇಲ್ಲೇ ಬರೆಯಿರಿ, ನೋಡೋಣ.