ತೋಟದ ಗಡಿ ವ್ಯಾಜ್ಯಕ್ಕೆ ಜ್ಯೂರಿ ಉಂಟೇ?

ಪ್ರಶ್ನೆ: ನಮ್ಮ ಕಾಫಿ ತೋಟದ ಗಡಿಯ ಸಿಲ್ವರ್ ಮರಗಳ ಬಗ್ಗೆ ದಾವೆ ನಡೆದಿದೆ. ಅಮೆರಿಕದ ಪೌರನಾಗಿರುವ ಮಗನಿಗೆ ಅಲ್ಲಿ ಸಿವಿಲ್ ಜ್ಯೂರಿಗೆ (ದಾವೆಯ ಸಂಗತಿಗಳನ್ನು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಮಂಡಳಿಗೆ) ಕರೆ ಬಂದಿದೆ. ನಾವೂ ಜ್ಯೂರಿ ಕೇಳಬಹುದೇ?
– ಓದುಗರು, ವಿರಾಜಪೇಟೆ

ಉತ್ತರ: ಕೇಳಲಾಗದು. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 20 ಡಾಲರ್ ಮೀರಿದ ದಾವೆಗಳಿಗೆ ಅಲ್ಲಿನ ಸಂವಿಧಾನದ 1791ರ ಏಳನೇ ತಿದ್ದುಪಡಿಯು (ಆ ಮೊತ್ತ ಇಂದಿಗೂ ಬದಲಾಗಿಲ್ಲವೆಂಬುದೇ ಸೋಜಿಗ) ಜ್ಯೂರಿಯ ಹಕ್ಕು ನೀಡಿದೆ. ನಮ್ಮಲ್ಲಿ ಜ್ಯೂರಿ ಇದ್ದದ್ದು ಮುಖ್ಯವಾಗಿ ಕ್ರಿಮಿನಲ್ ಪ್ರಕರಣಗಳಿಗೆ. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನೂ ಕೈಬಿಟ್ಟಿತು. ನಿಮ್ಮ ದಾವೆಯಲ್ಲಿ ಸಂಗತಿ, ಕಾನೂನು ಎರಡನ್ನೂ ನ್ಯಾಯಾಧೀಶರೇ ತೀರ್ಮಾನಿಸುತ್ತಾರೆ. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದಡಿ ನೀವು ಸಲ್ಲಿಸುವ ಅರ್ಜಿಯನ್ನು ನ್ಯಾಯಾಲಯ ಒಪ್ಪಿದರೆ, ಕೋರ್ಟ್ ಕಮಿಷನರು ತೋಟಕ್ಕೇ ಬಂದು, ಸರ್ವೇಯರ್ ನೆರವಿನಿಂದ ಗಡಿಕಲ್ಲು ಹುಡುಕಿ, ಮರಗಳ ಸಾಲನ್ನು ಅಳೆಸಿ ವರದಿ ಸಲ್ಲಿಸುತ್ತಾರೆ. ನಿಮಗೆ ಜ್ಯೂರಿಗಿಂತ ಅದೇ ಹೆಚ್ಚು ಉಪಯುಕ್ತವೆಂದು ನನಗನ್ನಿಸುತ್ತದೆ.