ಗುಡ್ಡೆಯ ಕ್ಯಾಬಿನ್‌ಗೆ ನೆಲದ ಆಂಕರ್: ಹಾಕುವುದು, ಕೀಳುವುದು

ಅಣ್ಣ, ಕಾಸರಗೋಡಿನ ಬಾಯಾರಿನ ಗುಡ್ಡೆಯಲ್ಲಿಟ್ಟ 20 ಅಡಿ ಉದ್ದ, 8 ಅಡಿ ಅಗಲದ ಪೋರ್ಟಾ ಕ್ಯಾಬಿನ್ ಗಾಳಿಗೆ ಕಲ್ಲಿನ ಮೇಲಿಂದ ಜರುಗಿದೆ, ಹೇಗೆ ಕಟ್ಟುವುದು, ಎರಡು ವರ್ಷ ಕಳೆದು ಸಾಗಿಸುವಾಗ ಹೇಗೆ ಬಿಚ್ಚುವುದು ಅಂತ ಕೇಳಿದ್ದೀರಿ. ಮೇಲಿನ ಕಾಮೆಂಟಿನಲ್ಲಿ ಒಬ್ಬರು “ಎರಡು ಟನ್ ಭಾರ ಉಂಟಲ್ಲ, ಎಲ್ಲಿಗೂ ಹೋಗುವುದಿಲ್ಲ” ಎಂದಿದ್ದಾರೆ. ಲೆಕ್ಕ ಹಾಗಿಲ್ಲ. ಕಟ್ಟಡಗಳ ಮೇಲೆ ಬೀಳುವ ಭಾರ, ಗಾಳಿಯ ಲೆಕ್ಕಕ್ಕಿರುವ ಭಾರತೀಯ ಮಾನಕ ಐಎಸ್ 875ರಲ್ಲಿ ನಮ್ಮ ಕರಾವಳಿಗೆ ಕೊಟ್ಟ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿ.ಮೀ. ಆ ವೇಗಕ್ಕೆ ಚದರ ಮೀಟರಿಗೆ ಸುಮಾರು 93 ಕಿಲೋ ಒತ್ತಡ. ಉದ್ದದ ಗೋಡೆ 16 ಚದರ ಮೀಟರ್ ಹಿಡಿದರೂ ಒಂದೂವರೆ ಟನ್ ಅಡ್ಡಕ್ಕೆ ದೂಡುತ್ತದೆ. ಅದೇ ಹೊತ್ತಿಗೆ ಮಾಡನ್ನು (ಚಾವಣಿಯನ್ನು) ಟನ್ನಿನಷ್ಟು ಮೇಲಕ್ಕೆ ಹೀರುತ್ತದೆ. ಎರಡೂ ಸೇರಿದರೆ ಖಾಲಿ ಕ್ಯಾಬಿನ್ ಮಗುಚಲು ಸಾಕು. ಗುಡ್ಡೆಯ ನೆತ್ತಿಯಲ್ಲಿ ಗಾಳಿ ಇನ್ನೂ ಜೋರು.

ಹಾಗಾಗಿ ಕ್ಯಾಬಿನ್ನನ್ನು ರೋಪಿನಿಂದ ಆಂಕರಿಗೆ, ಅಂದರೆ ನೆಲದೊಳಗೆ ಇಳಿದು ಎಳೆತ ತಡೆಯುವ ಸರಳಿಗೆ, ಕಟ್ಟಬೇಕು. ಆಂಕರ್ ಕೊಳ್ಳುವ ಮೊದಲು ನೆಲ ನೋಡಿ. ಎಲ್ಲ ತಪ್ಪೂ ಇಲ್ಲೇ ಆಗುವುದು. ತಿರುಪಿನ ಆಂಕರ್, ಅಂದರೆ ತುದಿಯಲ್ಲಿ ಸುರುಳಿ ತಟ್ಟೆ ಇದ್ದು ಸ್ಕ್ರೂವಿನಂತೆ ತಿರುಗಿಸಿ ಇಳಿಸುವಂಥದ್ದು, ಕೆಂಪು ಮಣ್ಣಿಗೆ ಒಳ್ಳೆಯದು. ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆ ಕಲ್ಲಿಗೆ, ಅದು ಇಳಿಯುವುದೇ ಇಲ್ಲ. ಮುರದ ಅಡಿಯಲ್ಲಿ ಶೇಡಿ ಮಣ್ಣು (ಮೆತ್ತನೆಯ ಜೇಡಿ) ಇದ್ದರೆ ಬೇಸಿಗೆಯಲ್ಲಿ ಬಿಗಿಯಾಗಿ ಕಂಡದ್ದು ಆಟಿಯ (ಜುಲೈ-ಆಗಸ್ಟ್) ಮಳೆಗೆ ನೆನೆದು ಹಿಡಿತ ಬಿಡುತ್ತದೆ. ಆದ್ದರಿಂದ ಒಂದು ಆಂಕರ್ ಹಾಕಿ, ಸುತ್ತ ಒಂದು ರಾತ್ರಿ ನೀರು ನಿಲ್ಲಿಸಿ, ಮೇಲೆ ಮೂರು ಕಾಲಿನ ಮುಕ್ಕಾಲಿ ನಿಲ್ಲಿಸಿ, ಅದಕ್ಕೆ ಚೈನ್ ಪುಲ್ಲಿ ಕಟ್ಟಿ, ನಡುವೆ ತೂಕದ ಯಂತ್ರ ಸಿಕ್ಕಿಸಿ ಎಳೆದು ನೋಡಿ. ಒಂದು ಟನ್ನಿಗೆ ಕದಲಿದರೆ ಆ ಜಾಗಕ್ಕೆ ತಿರುಪಿನದು ಬೇಡ. ಮುಕ್ಕಾಲಿಯ ಕಾಲುಗಳು ಆಂಕರಿನಿಂದ ಮೂರು ಅಡಿಯಾದರೂ ದೂರ ಇರಲಿ. ಹತ್ತಿರ ಊರಿದರೆ ಅವೇ ಮಣ್ಣನ್ನು ಒತ್ತಿಹಿಡಿದು ಸುಳ್ಳು ಲೆಕ್ಕ ಕೊಡುತ್ತವೆ.

ಮಣ್ಣು ಸರಿ ಇದ್ದರೆ 4 ಅಡಿ ಉದ್ದ, 20 ಮಿ.ಮೀ. ಸರಳು, ತುದಿಯಲ್ಲಿ 6 ಇಂಚಿನ ತಟ್ಟೆ ಇರುವ, ಬಿಸಿ ಸತು ಅದ್ದಿದ ಆಂಕರ್ ತನ್ನಿ. ಉದ್ದದ ಎರಡು ಬದಿಗೆ ಮೂರು ಮೂರು, ಮೂಲೆಯವು ಕೊನೆಯಿಂದ ಎರಡು ಅಡಿ ಒಳಗೆ. ಗಿಡ್ಡ ಬದಿಗೆ ಒಂದೊಂದು. ಒಟ್ಟು ಎಂಟು. ಪೈಪು, ಕೇಬಲ್ ಎಲ್ಲಿ ಹೋಗಿದೆ ಎಂದು ಮೊದಲೇ ಗುರುತು ಹಾಕಿ. ಆಂಕರಿನ ಮೇಲ್ತುದಿಯ ಬಳೆಯಂಥ ಕಣ್ಣಿಗೆ ಹಾರೆ ತೂರಿಸಿ, ಇಬ್ಬರು ಮೇಲಿಂದ ಒತ್ತುತ್ತಾ ಬಲಕ್ಕೆ ತಿರುಗಿಸಬೇಕು. ಪ್ರತಿ ಸುತ್ತಿಗೂ ಕೆಳಗೆ ಹೋಗಬೇಕು. ಇಳಿಯದೆ ಸುಮ್ಮನೆ ತಿರುಗಿದರೆ ತಟ್ಟೆ ಮಣ್ಣನ್ನು ಕಡೆಯುತ್ತಿದೆ ಎಂದೇ ಅರ್ಥ. ತೆಗೆದು ಎರಡು ಅಡಿ ಆಚೆ ಹಾಕಿ. ಗುಂಡಿ ತೋಡಿ ಇಳಿಸಿ ಮಣ್ಣು ಮುಚ್ಚುವವರಿದ್ದಾರೆ. ದಯವಿಟ್ಟು ಬೇಡ, ಸಡಿಲ ಮಣ್ಣಿಗೆ ಎಳೆತ ತಡೆಯುವ ಶಕ್ತಿಯೇ ಇಲ್ಲ. ಕಣ್ಣು ನೆಲಮಟ್ಟಕ್ಕೆ ಬರಲಿ. ಕ್ಯಾಬಿನ್ನಿಗೆ ಕಟ್ಟುವ ರೋಪಿನ ಎಳೆತ ಓರೆಯಾಗಿರುವುದರಿಂದ ಸರಳಿನ ಕ್ಯಾಬಿನ್ ಬದಿಗೆ ಒಂದು ಅಡಿ ಅಗಲದ ದಪ್ಪ ಕಬ್ಬಿಣದ ಹಲಗೆಯನ್ನು ನೆಲಕ್ಕೆ ಹೊಡೆಯಿರಿ. ಇದು ಇಲ್ಲದಿದ್ದರೆ ಸರಳು ಮೆಲ್ಲ ಮಣ್ಣನ್ನು ಸೀಳಿ ಬಾಗುತ್ತದೆ, ರೋಪ್ ಸಡಿಲವಾಗುತ್ತದೆ.

ಮುರಕಲ್ಲಿನಲ್ಲಿ ತೂತಿನೊಳಗೆ ಹಿಗ್ಗಿ ಹಿಡಿಯುವ ಫಾಸ್ಟ್‌ನರ್ ಬೋಲ್ಟ್ ಬಿಗಿಸಿದರೆ ಕಲ್ಲು ಪುಡಿಯಾಗುತ್ತದೆ, ಬೋಲ್ಟ್ ಅಂಟಿಸುವ ಕೆಮಿಕಲ್ ಹಾಕಿದರೆ ಕಲ್ಲಿನ ತೂತುಗಳಲ್ಲಿ ಇಳಿದು ಹೋಗುತ್ತದೆ. ಅಲ್ಲಿಗೆ ಕಾಂಕ್ರೀಟ್ ಗುಂಡಿಯೇ ಸರಿ: 2 ಅಡಿ ಚದರ, ಎರಡೂವರೆ ಅಡಿ ಆಳ, ಬುಡ ಸ್ವಲ್ಪ ಅಗಲ. 1:2:4ರ (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣಕ್ಕೆ ಗುಂಡಿಯೊಂದಕ್ಕೆ ಎರಡು ಚೀಲದೊಳಗೆ ಸಿಮೆಂಟ್ ಸಾಕು. ಬರೀ ಭಾರವೇ 650 ಕಿಲೋ ದಾಟುತ್ತದೆ, ಅಗಲದ ಬುಡಕ್ಕೆ ಸುತ್ತಲ ಕಲ್ಲಿನ ಹಿಡಿತ ಬೇರೆ. ನಡುವೆ 20 ಮಿ.ಮೀ.ನ ತಿರುಪು ಸರಳು ನಿಲ್ಲಿಸಿ, ಬುಡವನ್ನು ಅಡ್ಡ ಸರಳುಗಳ ಅಡಿಗೆ ಬಗ್ಗಿಸಿ ಕೊಂಡಿ ಮಾಡಿ. ಮೇಲೆ ಕಣ್ಣಿನ ನಟ್ಟು. ಎರಡು ವಾರ ನೀರುಣಿಸದೆ ಎಳೆಯಬೇಡಿ.

ಕಟ್ಟಲು 10 ಮಿ.ಮೀ. ಜಿ.ಐ. ವೈರ್ ರೋಪ್, ತಿರುಗಿಸಿ ರೋಪ್ ಬಿಗಿಸಲು 16 ಮಿ.ಮೀ.ನ ಟರ್ನ್‌ಬಕಲ್. ಕೊಕ್ಕೆಯದು ಬೇಡ, ಜೋರು ಎಳೆತಕ್ಕೆ ಕೊಕ್ಕೆ ತೆರೆಯುತ್ತದೆ. ಎರಡೂ ಕಡೆ ಪಿನ್ ಇರುವುದು ಬೇಕು. ರೋಪ್ ಮಡಚುವಲ್ಲಿ ತಿಂಬಲ್ (ರೋಪ್ ಸವೆಯದಂತೆ ಮಡಿಕೆಯೊಳಗೆ ಕೂರಿಸುವ ಲೋಹದ ಬಳೆ), ಆಮೇಲೆ ಮೂರು ಕ್ಲಿಪ್, ನಡುವೆ ಆರು ಸೆಂಟಿಮೀಟರ್ ಅಂತರ. ಕ್ಲಿಪ್ಪಿನ ಯು ಬೋಲ್ಟ್ ಯಾವಾಗಲೂ ಕತ್ತರಿಸಿದ ತುದಿಯ ಕಡೆಗೆ, ತಡಿ (ಯು ಬೋಲ್ಟ್ ತೂರುವ ದಪ್ಪ ತುಂಡು) ಭಾರ ಹೊರುವ ಎಳೆಯ ಮೇಲೆ. ಉಲ್ಟಾ ಹಾಕಿದರೆ ಬೋಲ್ಟ್ ಭಾರದ ಎಳೆಯನ್ನೇ ಜಜ್ಜುತ್ತದೆ. ಕ್ಯಾಬಿನ್‌ನಲ್ಲಿ ಹಿಡಿಯಬೇಕಾದ್ದು ಅಡಿಯ ಚಾನೆಲ್ (ಉಕ್ಕಿನ ತೊಲೆ), ಮೂಲೆಯ ತಗಡಲ್ಲ. ಎದುರುಬದುರು ಜೋಡಿಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಸಿ, ಟರ್ನ್‌ಬಕಲ್ ತಿರುಗದಂತೆ ತಂತಿ ಸುತ್ತಿ. ವಾರ ಕಳೆದು ಕ್ಲಿಪ್ಪುಗಳನ್ನು ಮತ್ತೆ ಬಿಗಿಸಿ; ಆಮೇಲೆ ವರ್ಷವೂ ಮೇ ತಿಂಗಳಲ್ಲಿ ಒಮ್ಮೆ. ಲಾರಿಯ ಬೆಲ್ಟ್ ಬಿಸಿಲಿಗೆ ಹಾಳಾಗುತ್ತದೆ. ಇಲ್ಲಿ ಯಾರೋ ಸೂಚಿಸಿದ ಹಾಗೆ ಕಂಗಿಗೆ (ಅಡಿಕೆ ಮರಕ್ಕೆ) ಕಟ್ಟುವುದಂತೂ ಬೇಡವೇ ಬೇಡ: ಮರ ತೂಗಿದಾಗಲೆಲ್ಲ ಕ್ಯಾಬಿನ್ನನ್ನು ಜಗ್ಗುತ್ತದೆ.

ಕೀಳುವ ಕೆಲಸ ಡಿಸೆಂಬರಿನಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ ಇಟ್ಟುಕೊಳ್ಳಿ. ಕ್ರೇನ್ ಬಂದು ನಿಂತ ಮೇಲೆ ಮಾತ್ರ ಬಿಚ್ಚಿ, ಅದೂ ಎದುರುಬದುರು, ಮೆಲ್ಲನೆ. ಬಿಗಿ ಇರುವ ರೋಪನ್ನು ಕತ್ತರಿಸಿದರೆ ಅದು ಮುಖಕ್ಕೇ ಹಾರುತ್ತದೆ. ಆಂಕರ್ ಬುಡಕ್ಕೆ ಹಿಂದಿನ ಸಂಜೆ ಎರಡು ಕೊಡ ನೀರು ಹಾಕಿ, ಮರುದಿನ ಎಡಕ್ಕೆ ತಿರುಗಿಸಿದರೆ ಬರುತ್ತದೆ. ಹಟ ಹಿಡಿದರೆ ಚೈನ್ ಪುಲ್ಲಿಯಿಂದ ಹಗುರ ಎತ್ತುತ್ತಾ ತಿರುಗಿಸಿ. ಜೆಸಿಬಿಯಲ್ಲಿ ನೇರ ಎಳೆದರೆ ತಟ್ಟೆಯ ಬೆಸುಗೆ ಬಿಡುತ್ತದೆ. ಮತ್ತೆ ಬಳಸುವ ಮೊದಲು ಸರಳಿನ ನೇರ, ತಟ್ಟೆಯ ಬೆಸುಗೆ, ನೆಲಮಟ್ಟದಲ್ಲಿದ್ದ ಜಾಗದ ತುಕ್ಕು ನೋಡಿ. ತುಕ್ಕು ಮೊದಲು ಹಿಡಿಯುವುದು ಅಲ್ಲೇ. ಕ್ಲಿಪ್ ಜಜ್ಜಿದ ಭಾಗದ ರೋಪ್ ಕತ್ತರಿಸಿ ಬಿಸಾಡಿ. ತೂತಿಗೆ ಮಣ್ಣನ್ನು ಅರ್ಧ ಅರ್ಧ ಅಡಿ ಹಾಕಿ ಗುದ್ದಿ ತುಂಬಿ, ದನದ ಕಾಲು ಸಿಕ್ಕಬಾರದು. ಕಾಂಕ್ರೀಟ್ ಗುಂಡಿಯದಾದರೆ ಕಣ್ಣಿನ ನಟ್ಟು ಬಿಚ್ಚಿ, ತಿರುಪಿಗೆ ಗ್ರೀಸ್ ಬಳಿದು, ಪಿವಿಸಿ ಕ್ಯಾಪ್ ಮುಚ್ಚಿ, ಜಾಗಕ್ಕೊಂದು ಗುರುತುಕಲ್ಲು ನೆಡಿ.