ಪ್ರ: ಅಜ್ಜನ 1958ರ ಜಮೀನಿನ ಕ್ರಯಪತ್ರದಲ್ಲಿ ‘ಮುದ್ದತ್ತು ಕ್ರಯ’, ‘ಬ ಖರಾಬು’ ಅಂದ್ರೇನು?

ಅಣ್ಣ, ಪತ್ರದ ತಲೇಲಿ ಚಿತ್ರದುರ್ಗ ಜಿಲ್ಲೆ ಅಂತ ಇರೋದಕ್ಕೆ ತಲೆ ಕೆಡಿಸ್ಕೋಬೇಡಿ, 1997ರವರೆಗೂ ನಿಮ್ಮ ಜಮೀನಿರೋ ದಾವಣಗೆರೆ ಆ ಜಿಲ್ಲೇಲೇ ಇತ್ತಲ್ಲ. ಮುದ್ದತ್ತು ಕ್ರಯ ಅಂದ್ರೆ ಇಷ್ಟು ವರ್ಷದೊಳಗೆ ದುಡ್ಡು ವಾಪಸ್ ಕೊಟ್ರೆ ಜಮೀನು ತಿರುಗಿ ಬರ್ಕೊಡ್ತೀನಿ ಅನ್ನೋ ಷರತ್ತಿನ ಮೇಲೆ ಮಾಡೋ ಕ್ರಯ. ಮಾರಿದವ್ರ ಮೊಮ್ಮಕ್ಕಳು ಈಗ ಬಂದು ಅದು ಬರೀ ಅಡಮಾನ ಅಂತಿದಾರೆ ಅಂದ್ರಲ್ಲ, ಮೊದ್ಲು ಆ ಷರತ್ತು ಎಲ್ಲೈತೆ ನೋಡಿ, ಆಸ್ತಿ ವರ್ಗಾವಣೆ ಕಾಯ್ದೆಗೆ 1929ರ ತಿದ್ದುಪಡಿ ಆದ್ಮೇಲೆ ಷರತ್ತು ಅದೇ ಕ್ರಯಪತ್ರದೊಳಗೆ ಇಲ್ದೆ ಬೇರೆ ಕರಾರಲ್ಲಿ ಇದ್ರೆ ಅದನ್ನ ಅಡಮಾನ ಅನ್ನಂಗಿಲ್ಲ. ಅದೇ ಪತ್ರದಲ್ಲಿದ್ರೂ ಅಡಮಾನ ಆಗ್ಲೇಬೇಕು ಅಂತೇನಿಲ್ಲ, ಒಕ್ಕಣೆ ಪೂರ್ತಿ ಓದಿ ಕೋರ್ಟು ತೀರ್ಮಾನ ಮಾಡುತ್ತೆ. ಈಗಿನ ಕಾನೂನಲ್ಲಿ ಅಡಮಾನ ಬಿಡಿಸ್ಕೊಳ್ಳೋಕೆ ವಾಯಿದೆ 30 ವರ್ಷ, ಅದನ್ನೂ ವಕೀಲರ ಹತ್ರ ಕೇಳಿ.

ನಂಗೆ ಚಿಂತೆ ಇರೋದು ಆ 6 ಗುಂಟೆ ಬ ಖರಾಬಿಂದು. ಅ ಖರಾಬು ಅಂದ್ರೆ ಬಂಡೆ, ಕಣ, ಉಳೋಕಾಗದ ನೆಲ, ಅದು ನಿಮ್ಮ ಜಮೀನಿನ ಜೊತೇಲೇ ಬರುತ್ತೆ. ಬ ಅಂದ್ರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ, ಮಾರಂಗಿಲ್ಲ. ಪಹಣಿ 3ನೇ ಕಾಲಂ ನೋಡಿ, 2 ಎಕರೆ 10 ಗುಂಟೇಲಿ ನಿಮ್ದು 2 ಎಕರೆ 4 ಗುಂಟೆ ಅಷ್ಟೇ. ಇನ್ನು ಪತ್ರದಲ್ಲಿರೋ ಖುಷ್ಕಿ ಅಂದ್ರೆ ಮಳೆಯಾಶ್ರಿತ ಹೊಲ.